ಬದಲಾದ ಪರದೆ, ಬಳಸುವವನ ದೂರು

(ಸಂಘದ ವಾರ್ಷಿಕ ಸಮಾರಂಭದಲ್ಲಿ ಮಾಡಿದ ಭಾಷಣ)



ಇಂಥ ಸಮಾರಂಭದಲ್ಲಿ ಮುಖ್ಯೋಪಾಧ್ಯಾಯನಾದವನು ತಾಯ್ನುಡಿಯ ಹಿರಿಮೆಯನ್ನೋ ವಿದ್ಯಾರ್ಥಿಗಳ ಶಿಸ್ತನ್ನೋ ಕುರಿತು ನಾಲ್ಕು ಮಾತು ಹೇಳುವುದು ರೂಢಿ. ಇಂದು ನಾನು ಆ ರೂಢಿಯನ್ನು ಬಿಟ್ಟು ಬೇರೊಂದು ವಿಷಯವನ್ನು ತಮ್ಮ ಮುಂದಿಡಲು ಅಪೇಕ್ಷಿಸುತ್ತೇನೆ. ಗಣಕಯಂತ್ರದ ಪರದೆಯ ಸ್ವರೂಪ ಬದಲಾದಾಗ ಅದನ್ನು ಬಳಸುವವರು ಏಕೆ ಅಸಮಾಧಾನಗೊಳ್ಳುತ್ತಾರೆ, ಆ ಅಸಮಾಧಾನಕ್ಕೆ ನಾವು ಎಷ್ಟು ಬೆಲೆ ಕೊಡಬೇಕು ಎಂಬುದೇ ಆ ವಿಷಯ. ಇದು ಸಣ್ಣ ಮಾತೆಂದು ತೋರಬಹುದು. ನನಗೂ ಹಾಗೆಯೇ ತೋರಿತ್ತು.

ಬೇಸಿಗೆಯ ರಜೆ ಮುಗಿದು ಶಾಲೆ ತೆರೆದ ಮೊದಲನೆಯ ವಾರದಲ್ಲಿ ನಮ್ಮ ಗುಮಾಸ್ತರು ನನ್ನ ಕೋಣೆಗೆ ಬಂದು, "ಸರ್, ಯಂತ್ರ ಕೆಟ್ಟದ ನೋಡ್ರಿ. ಎಡಕಿನ ಮೂಲ್ಯಾಗಿನ ಗುಂಡಿ ಇಲ್ರಿ. ನನ್ನ ಕಡತ ಎಲ್ಲಿ ಹೋದ್ವೋ ತಿಳೀವಲ್ದು" ಎಂದರು. ಹೋಗಿ ನೋಡಿದರೆ ಯಂತ್ರವೇನೂ ಕೆಟ್ಟಿರಲಿಲ್ಲ. ರಜೆಯಲ್ಲಿ ಅದರ ಕಾರ್ಯವ್ಯವಸ್ಥೆಯನ್ನು ನವೀಕರಿಸಲಾಗಿತ್ತು. ಎಡಮೂಲೆಯಲ್ಲಿದ್ದ ಪ್ರಾರಂಭದ ಗುಂಡಿ ನಡುಭಾಗಕ್ಕೆ ಬಂದಿತ್ತು, ಅಷ್ಟೇ. ಒಂಬತ್ತನೆಯ ತರಗತಿಯ ಬಾಲಿಕೆಯೊಬ್ಬಳು ಬಂದು, ಒಂದೇ ನಿಮಿಷದಲ್ಲಿ ಆ ಗುಂಡಿಯನ್ನು ಹಿಂದಿನ ಸ್ಥಾನಕ್ಕೆ ಸರಿಸಿಕೊಟ್ಟಳು. ಇಪ್ಪತ್ತು ವರ್ಷಗಳಿಂದ ದಾಖಲೆ ಪುಸ್ತಕದಲ್ಲಿ ಒಂದು ತಪ್ಪೂ ಬರದಂತೆ ನೋಡಿಕೊಂಡಿದ್ದ ಆ ಹಿರಿಯರು ತಲೆ ತಗ್ಗಿಸಿ, "ನನಗ ವಯಸ್ಸಾಯ್ತು, ಸರ್" ಎಂದರು.

ಆ ಮಾತು ನನ್ನ ಮನಸ್ಸನ್ನು ನೋಯಿಸಿತು. ತಪ್ಪು ನಿಜವಾಗಿ ಅವರ ವಯಸ್ಸಿನದೇ? ಈ ಪ್ರಶ್ನೆಗೆ ಉತ್ತರ ಹುಡುಕುತ್ತ ನಾನು ಓದಿ ತಿಳಿದುಕೊಂಡುದನ್ನು ತಮ್ಮಲ್ಲಿ ಅರಿಕೆ ಮಾಡಿಕೊಳ್ಳುತ್ತೇನೆ.

ಮೈಕ್ರೋಸಾಫ್ಟ್ ಸಂಸ್ಥೆಯು 1995ರ ಆಗಸ್ಟ್ 24ರಂದು ವಿಂಡೋಸ್ 95 ಎಂಬ ಕಾರ್ಯವ್ಯವಸ್ಥೆಯನ್ನು ಬಿಡುಗಡೆ ಮಾಡಿತು. ಪರದೆಯ ಕೆಳಗಿನ ಎಡಮೂಲೆಯ ಸ್ಟಾರ್ಟ್ ಗುಂಡಿ ಅಂದು ಬಂದದ್ದು. ಮುಂದಿನ 17 ವರ್ಷ ಅದು ಆ ಮೂಲೆಯನ್ನು ಬಿಟ್ಟು ಕದಲಲಿಲ್ಲ. 2012ರ ಅಕ್ಟೋಬರ್ 26ರಂದು ಬಂದ ವಿಂಡೋಸ್ 8ರಲ್ಲಿ ಆ ಗುಂಡಿ ಮಾಯವಾಯಿತು. ಅದರ ಪಟ್ಟಿಯ ಬದಲು ಬಣ್ಣಬಣ್ಣದ ಚೌಕಗಳು ಪರದೆಯನ್ನೆಲ್ಲ ತುಂಬಿದವು. ಬೆರಳಿನಿಂದ ಮುಟ್ಟಿ ನಡೆಸುವ ಹಲಗೆಯಂತಹ ಯಂತ್ರಗಳು ಆಗ ಹರಡುತ್ತಿದ್ದುದರಿಂದ, ಅವುಗಳಿಗೂ ಮೇಜಿನ ಯಂತ್ರಗಳಿಗೂ ಒಂದೇ ರೂಪವಿರಲೆಂಬುದು ಮಾಡಿದವರ ಉದ್ದೇಶ. ಉದ್ದೇಶ ಅವಿವೇಕದ್ದಲ್ಲ. ಆದರೆ ಮೌಸ್ ಹಿಡಿದು ಕುಳಿತವನಿಗೆ ಅದು ಪರರ ಮನೆಯಂತಾಯಿತು. ಲೋಕದ ಎಲ್ಲ ಕಡೆಗಳಿಂದ ಆಕ್ಷೇಪಣೆಗಳು ಬಂದವು. ಹಳೆಯ ಪಟ್ಟಿಯನ್ನು ಮರಳಿ ತರುವ ಕ್ಲಾಸಿಕ್ ಶೆಲ್, ಸ್ಟಾರ್ಟ್8 ಮುಂತಾದ ತಂತ್ರಾಂಶಗಳನ್ನು ಅನ್ಯರು ಸಿದ್ಧಪಡಿಸಿದರು. ಜನ ಅವನ್ನು ಹುಡುಕಿಕೊಂಡು ಹೋದರು. 2013ರ ಅಕ್ಟೋಬರ್ 17ರ 8.1ರಲ್ಲಿ ಗುಂಡಿ ಮರಳಿತು. 2015ರ ಜುಲೈ 29ರ ವಿಂಡೋಸ್ 10ರಲ್ಲಿ ಪಟ್ಟಿಯೂ ಮರಳಿತು. ಬಳಸುವವರ ದೂರು ಅಷ್ಟು ದೊಡ್ಡ ಸಂಸ್ಥೆಯನ್ನು ಮೂರು ವರ್ಷಗಳೊಳಗೆ ಹಿಂದಕ್ಕೆ ಹೆಜ್ಜೆಯಿಡುವಂತೆ ಮಾಡಿತೆಂಬುದನ್ನು ಗಮನಿಸಬೇಕು.

2021ರ ಅಕ್ಟೋಬರ್ 5ರಂದು ಬಂದ ವಿಂಡೋಸ್ 11ರಲ್ಲಿ ಇದೇ ಕಥೆ ಸ್ವಲ್ಪ ಬೇರೆ ರೀತಿಯಲ್ಲಿ ನಡೆಯಿತು. ಗುಂಡಿಗಳು ನಡುವಿಗೆ ಬಂದವು. ಅವನ್ನು ಎಡಕ್ಕೆ ಸರಿಸಿಕೊಳ್ಳುವ ಅವಕಾಶವನ್ನು ಮೊದಲಿನಿಂದಲೇ ಇಟ್ಟಿದ್ದರು. ಆದರೆ ತೆರೆದ ಪ್ರತಿಯೊಂದು ಕಡತದ ಹೆಸರನ್ನೂ ಕೆಳಗಿನ ಪಟ್ಟಿಯಲ್ಲಿ ಬೇರೆಬೇರೆಯಾಗಿ ತೋರಿಸುತ್ತಿದ್ದ ಅನುಕೂಲವನ್ನು ತೆಗೆದಿದ್ದರು. ಹತ್ತು ಕಡತಗಳನ್ನು ಒಟ್ಟಿಗೆ ತೆರೆದು ಕೆಲಸ ಮಾಡುವವರು ಪಟ್ಟುಬಿಡದೆ ಕೇಳಿದರು. 2023ರಲ್ಲಿ ಅದು ಮರಳಿ ಬಂತು.

ಇದು ಕೇವಲ ಅರಿಯದವರ ಗೊಂದಲವೆನ್ನುವವರಿಗೆ ಇನ್ನೊಂದು ನಿದರ್ಶನ. ಲಿನಕ್ಸ್‌ನ ತಿರುಳನ್ನು ಬರೆದ ಲೀನಸ್ ಟೊರ್ವಾಲ್ಡ್ಸ್ ಅವರಿಗಿಂತ ಗಣಕಯಂತ್ರವನ್ನು ಬಲ್ಲವರು ಯಾರಿದ್ದಾರೆ? 2011ರ ಏಪ್ರಿಲ್‌ನಲ್ಲಿ ಗ್ನೋಮ್ 3 ಎಂಬ ಹೊಸ ಪರದೆಯ ವ್ಯವಸ್ಥೆ ಬಂದಾಗ ಅವರೇ ಬಹಿರಂಗವಾಗಿ ಬೇಸರ ವ್ಯಕ್ತಪಡಿಸಿ, ಅದನ್ನು ಬಿಟ್ಟು ಬೇರೆಯದನ್ನು ಹಿಡಿದರು. ತಮಗೆ ಬೇಕಾದಂತೆ ತಿದ್ದಿಕೊಳ್ಳುವ ಉಪಾಂಗಗಳು ಒದಗಿದ ಮೇಲೆ ಪುನಃ ಅದಕ್ಕೇ ಮರಳಿದರು. ಇನ್ನು ಕೆಲವರು ಹಳೆಯ ಗ್ನೋಮ್‌ನ್ನೇ ಮಾಟೆ ಎಂಬ ಹೆಸರಿನಲ್ಲಿ ಮುಂದುವರಿಸಿಕೊಂಡು ಬಂದರು. ಆದುದರಿಂದ ನಮ್ಮ ಗುಮಾಸ್ತರಿಗೆ ನಾನು, "ತಾವು ನಾಚಬೇಕಾದ್ದಿಲ್ಲ, ತಮ್ಮ ಸಂಗಡ ದೊಡ್ಡವರು ಇದ್ದಾರೆ" ಎಂದು ಹೇಳಿದೆನು.

ಇದರ ಕಾರಣವೇನು? ಅಡಿಗೆಮನೆಯಲ್ಲಿ ದೀಪ ಹೋದರೂ ಗೃಹಿಣಿಯ ಕೈ ಜೋಳದ ಹಿಟ್ಟಿನ ಡಬ್ಬಿಗೇ ಹೋಗುತ್ತದೆ. ಆ ನೆನಪು ಇರುವುದು ಕೈಯಲ್ಲಿ. ವರ್ಷಗಳ ದುಡಿಮೆಯಿಂದ ಅದು ಬಂದದ್ದು. ಡಬ್ಬಿಗಳನ್ನು ಹೇಳದೆ ಕೇಳದೆ ಬೇರೆಡೆ ಇಟ್ಟವನು, ಅವನ ಜೋಡಣೆ ಎಷ್ಟೇ ಅಂದವಾಗಿರಲಿ, ಆ ದುಡಿಮೆಯ ಫಲವನ್ನು ಕಳೆದಂತಾಯಿತು. ಪರದೆ ಬದಲಾದಾಗ ಆಗುವುದೂ ಇದೇ.

ನಮ್ಮ ಸೀಮೆಯವರಿಗಂತೂ ಈ ಅನುಭವ ಹೊಸದಲ್ಲ. 1956ರ ನವೆಂಬರ್ 1ಕ್ಕೆ ಮೊದಲು ನಾರಾಯಣಖೇಡ, ಜಹೀರಾಬಾದುಗಳು ಬೀದರ ಜಿಲ್ಲೆಯಲ್ಲಿಯೂ ತಾಂಡೂರು ಗುಲಬರ್ಗಾ ಜಿಲ್ಲೆಯಲ್ಲಿಯೂ ಇದ್ದವು. ಅಂದು ಹೊಲ ಕದಲಲಿಲ್ಲ, ಬಾವಿ ಕದಲಲಿಲ್ಲ; ಜಿಲ್ಲೆ ಬದಲಾಯಿತು, ರಾಜ್ಯ ಬದಲಾಯಿತು, ಮುಂದೆ ಕಚೇರಿಯ ಭಾಷೆಯೂ ಬದಲಾಯಿತು. ಉರ್ದುವಿನಲ್ಲಿ ಅರ್ಜಿ ಬರೆಯುವುದನ್ನು ರೂಢಿಸಿಕೊಂಡಿದ್ದ ಹಿರಿಯರು ತೆಲುಗಿನ ಕಾಗದಪತ್ರಗಳ ಮುಂದೆ ಮತ್ತೆ ಅಕ್ಷರ ಕಲಿಯುವವರಾದರು. 2016ರ ಅಕ್ಟೋಬರ್ 11ರಂದು ಜಿಲ್ಲೆಗಳು ಪುನರ್ವಿಂಗಡಣೆಯಾಗಿ ಜಹೀರಾಬಾದು, ನಾರಾಯಣಖೇಡಗಳು ಸಂಗಾರೆಡ್ಡಿಗೂ ತಾಂಡೂರು ವಿಕಾರಾಬಾದಿಗೂ ಸೇರಿದಾಗ, ನಮ್ಮ ಶಾಲೆಗಳ ಮೊಹರು, ವಿಳಾಸಗಳೆಲ್ಲ ಬದಲಾದುದು ತಮಗೆ ನೆನಪಿರಬಹುದು. ಬದಲಾವಣೆಯನ್ನು ನಿರ್ಧರಿಸುವವರು ಒಂದೆಡೆ, ಅದರ ಶ್ರಮವನ್ನು ಹೊರುವವರು ಇನ್ನೊಂದೆಡೆ ಇರುತ್ತಾರೆಂಬುದನ್ನು ನಾವು ಬಲ್ಲೆವು.

ಕನ್ನಡದವರಿಗೆ ಗಣಕಯಂತ್ರದ ವಿಷಯದಲ್ಲಿ ಈ ಶ್ರಮ ಇಮ್ಮಡಿ. ಕೆ. ಪಿ. ರಾವ್ ಅವರ ವಿನ್ಯಾಸವನ್ನು ಆಧರಿಸಿದ ನುಡಿಯ ಕೀಲಿಮಣೆಯಲ್ಲಿ ಪಳಗಿದ ಕೈಗಳು, ವಿಂಡೋಸ್‌ನೊಡನೆ ಬರುತ್ತಿದ್ದ ಇನ್‌ಸ್ಕ್ರಿಪ್ಟ್ ಕೀಲಿಮಣೆಯ ಮುಂದೆ ತಡವರಿಸಿದವು. ಹಳೆಯ ನುಡಿ ಅಕ್ಷರಗಳಲ್ಲಿ ಬರೆದಿಟ್ಟ ಪ್ರಶ್ನೆಪತ್ರಿಕೆಗಳನ್ನು, ಆ ಅಕ್ಷರಶೈಲಿಯಿಲ್ಲದ ಹೊಸ ಯಂತ್ರದಲ್ಲಿ ತೆರೆದರೆ ಅರ್ಥವಿಲ್ಲದ ಗುರುತುಗಳು ಕಾಣಿಸುತ್ತವೆ. ಎಕ್ಸ್‌ಪಿ ಕಾಲದಿಂದ ನಾವು ನೋಡಿ ಅಭ್ಯಾಸವಾಗಿದ್ದ ತುಂಗಾ ಅಕ್ಷರಶೈಲಿಯು ವಿಂಡೋಸ್ 10ರಲ್ಲಿ ಬೇಕಾದವರು ಪ್ರತ್ಯೇಕವಾಗಿ ಸೇರಿಸಿಕೊಳ್ಳತಕ್ಕ ವಸ್ತುವಾಯಿತು. ಅದರ ಸ್ಥಾನದಲ್ಲಿ ನಿರ್ಮಲಾ ಎಂಬ ಅಕ್ಷರಗಳು ನಿಂತವು.

ಆದರೆ ಎಲ್ಲ ಬದಲಾವಣೆಯೂ ಕೆಡುಕೆಂದು ನಾನು ಹೇಳಲಾರೆ. 1991ರಿಂದಲೇ ಕನ್ನಡಕ್ಕೆ ಸ್ಥಾನ ಕೊಟ್ಟಿದ್ದ ಯೂನಿಕೋಡ್ ಸಂಕೇತವನ್ನು ನಾವು ಸ್ವೀಕರಿಸಿದುದರಿಂದಲೇ ಇಂದು ಇಲ್ಲಿ ಬರೆದ ಕನ್ನಡವನ್ನು ಧಾರವಾಡದವರೂ ಕಾಸರಗೋಡಿನವರೂ ತೊಡಕಿಲ್ಲದೆ ಓದುತ್ತಾರೆ. 2019ರ ನವೀಕರಣದಲ್ಲಿ ವಿಂಡೋಸ್ 10ಕ್ಕೆ ಕನ್ನಡದ ಉಚ್ಚಾರಣಾನುಸಾರಿ ಕೀಲಿಮಣೆ ಬಂದುದು ಅನೇಕರಿಗೆ ಉಪಕಾರವಾಯಿತು. ಹಳೆಯದನ್ನು ಹಳೆಯದೆಂಬ ಒಂದೇ ಕಾರಣಕ್ಕೆ ಹಿಡಿದು ಕುಳಿತವನಿಗೆ ಈ ಲಾಭಗಳು ದೊರೆಯುತ್ತಿರಲಿಲ್ಲ. ಬದಲಾಯಿಸುವವನು ಮುಂಚಿತವಾಗಿ ತಿಳಿಸಬೇಕು, ಕಾರಣ ಹೇಳಬೇಕು, ಹಳೆಯ ದಾರಿಯನ್ನು ಕೆಲಕಾಲವಾದರೂ ತೆರೆದಿಡಬೇಕು. ನಾನು ನ್ಯಾಯವೆಂದು ಕೇಳುವುದು ಇಷ್ಟನ್ನೇ.

ಇನ್ನು ನಮ್ಮ ಕರ್ತವ್ಯ. ಆ ಬಾಲಿಕೆಯನ್ನು ನಾನು, "ಏನು ಮಾಡಿದೆಯಮ್ಮಾ? ನನಗೂ ಹೇಳಿಕೊಡು" ಎಂದು ಕೇಳಿದೆ. ಅವಳು, "ಇಲ್ಲಿ ಒತ್ತಿದೆ ಸರ್, ಆಮ್ಯಾಲ ಇಲ್ಲಿ" ಎಂದಳು. ಯಾವ ಗುಂಡಿ ಏತಕ್ಕೆಂದು ಹೇಳಲು ಅವಳಲ್ಲಿ ಮಾತಿರಲಿಲ್ಲ. ಮುಂದಿನ ನವೀಕರಣದಲ್ಲಿ ಆ 'ಇಲ್ಲಿ' ಅಲ್ಲಿಗೆ ಹೋದರೆ ಅವಳೂ ಗುಮಾಸ್ತರ ಸ್ಥಿತಿಗೇ ಬರುತ್ತಾಳೆ. ನಾವು ಮಕ್ಕಳಿಗೆ ಗುಂಡಿಯ ಸ್ಥಾನವನ್ನು ಕಲಿಸಿದ್ದೇವೆ, ಕೆಲಸದ ತತ್ತ್ವವನ್ನು ಕಲಿಸಿಲ್ಲ. ಕಡತವೆಂದರೇನು, ಅದನ್ನು ಉಳಿಸುವುದೆಂದರೇನು, ಹುಡುಕುವುದು ಹೇಗೆ ಎಂಬುದನ್ನು ಮಗು ತನ್ನ ಭಾಷೆಯಲ್ಲಿ ತಿಳಿದರೆ, ಪರದೆ ಹತ್ತು ಸಲ ಬದಲಾದರೂ ಅದು ದಾರಿ ಕಂಡುಕೊಳ್ಳುತ್ತದೆ.

2025ರ ಅಕ್ಟೋಬರ್ 14ರಂದು ವಿಂಡೋಸ್ 10ರ ಸಾಮಾನ್ಯ ಪೋಷಣೆ ಮುಗಿಯಿತು. ದಾನಿಗಳು ಕೊಟ್ಟ ಹಳೆಯ ಯಂತ್ರಗಳಲ್ಲಿ ಅನೇಕವು ವಿಂಡೋಸ್ 11ನ್ನು ನಡೆಸಲು ಅರ್ಹವಲ್ಲ. ಆದುದರಿಂದ ಈ ಪ್ರಶ್ನೆಯನ್ನು ನಾವು ಮುಂದೂಡುವಂತಿಲ್ಲ. ಕೇರಳವು ತನ್ನ ಶಾಲೆಗಳಿಗಾಗಿ ಲಿನಕ್ಸ್ ಆಧಾರದ ಸ್ವಂತ ಆವೃತ್ತಿಯನ್ನು ಸಿದ್ಧಪಡಿಸಿ ಕೊಡುತ್ತಿರುವುದನ್ನೂ ಸಂಘದವರು ಪರಿಶೀಲಿಸಬಹುದು.

ಸಂಘದ ಮುಂದೆ ನನ್ನ ಬಿನ್ನಹಗಳು ಮೂರೇ. ಮೊದಲನೆಯದು, ಶಾಲೆಯ ಯಂತ್ರಗಳಲ್ಲಿ ದೊಡ್ಡ ಬದಲಾವಣೆಯನ್ನು ರಜೆಯಲ್ಲಿಯೇ ಮಾಡಿಸಿ, ಶಾಲೆ ತೆರೆಯುವ ಮೊದಲು ಉಪಾಧ್ಯಾಯರಿಗೂ ಗುಮಾಸ್ತರಿಗೂ ಒಂದು ದಿನದ ಶಿಕ್ಷಣ ಕೊಡಿಸಬೇಕು. ಎರಡನೆಯದು, ಹಳೆಯ ನುಡಿ ಕಡತಗಳನ್ನು ಯೂನಿಕೋಡಿಗೆ ಪರಿವರ್ತಿಸಿ ರಕ್ಷಿಸಬೇಕು. ಮೂರನೆಯದು, ಪ್ರತಿಯೊಂದು ಶಾಲೆಯಲ್ಲಿಯೂ ಒಂದು ಟಿಪ್ಪಣಿ ಪುಸ್ತಕವನ್ನಿಟ್ಟು, ಎದುರಾದ ತೊಡಕುಗಳನ್ನು ಸ್ಪಷ್ಟವಾಗಿ ಬರೆದು, ತಯಾರಿಸಿದವರಿಗೆ ಕಳುಹಿಸಬೇಕು. ಅವರು ದೂರನ್ನು ಕೇಳಿ ತಿದ್ದಿಕೊಂಡುದನ್ನು ಆಗಲೇ ವಿವರಿಸಿದೆನು. ಆದರೆ ಹೇಳದೆ ಉಳಿದ ದೂರನ್ನು ಯಾರೂ ಕೇಳಲಾರರು. ಕನ್ನಡದ ಶಾಲೆಯ ತೊಡಕನ್ನು ಕನ್ನಡದ ಶಾಲೆಯವರೇ ಹೇಳಬೇಕಷ್ಟೆ.

ನಮ್ಮ ಗುಮಾಸ್ತರು ಈಗ ಆ ಗುಂಡಿಯನ್ನು ತಾವೇ ಎಡಕ್ಕೂ ನಡುವಿಗೂ ಸರಿಸಬಲ್ಲರು. ಕೊನೆಗೆ ಅವರು ಅದನ್ನು ಎಡದಲ್ಲಿಯೇ ಇಟ್ಟುಕೊಂಡಿದ್ದಾರೆ. ಅದು ಅವರ ಇಷ್ಟ.