ಪೆನ್ನು ತೆಗೆಯುವ ಮುಂಚೆ ಅರ್ಥ ಕೇಳಿ!



ನಮ್ಮ ಹುಡುಗರ ಬಾಯಲ್ಲಿ ಇಂಗ್ಲಿಷ್ ಪದಗಳಿಗೆ ಬರವಿಲ್ಲ. ಲೋನು, ಷ್ಯೂರಿಟಿ, ನಾಮಿನಿ ಎಲ್ಲ ಸಲೀಸು. ಪದ ಗೊತ್ತು, ಅರ್ಥ ಗೊತ್ತಿಲ್ಲ! ಬಸ್ಸು, ಕಾಫಿ, ಬಲ್ಬು ಅಂದರೆ ಯಾರಿಗೂ ನಷ್ಟವಿಲ್ಲ. ಅವು ನಮ್ಮವೇ ಆಗಿಬಿಟ್ಟಿವೆ, ಅವುಗಳ ಮೇಲೆ ನನಗೆ ಸಿಟ್ಟೂ ಇಲ್ಲ. ಆದರೆ ಸಹಿ ಕೇಳುವ ಪದಗಳ ಮಾತೇ ಬೇರೆ.

ಗೆಳೆಯ ಬಂದು "ಮಗಾ, ಬರೀ ಫಾರ್ಮಾಲಿಟಿ, ಗ್ಯಾರಂಟರ್ ಅಂತ ಒಂದು ಸೈನ್ ಹಾಕು" ಅಂತಾನೆ. ಹಾಕ್ತೀರಿ. ನಿಮ್ಮ ಲೆಕ್ಕದಲ್ಲಿ ಅದು "ಇವನು ಒಳ್ಳೆಯವನು" ಅಂತ ಹೇಳುವ ಸಾಕ್ಷಿ. ಕಾನೂನಿನ ಲೆಕ್ಕದಲ್ಲಿ? 1872ರ ಕರಾರು ಕಾಯ್ದೆಯ 128ನೇ ಕಲಂ ನೋಡಿ. ಕರಾರಿನಲ್ಲಿ ಬೇರೆ ರೀತಿ ಬರೆಯದಿದ್ದರೆ, ಸಾಲಗಾರನ ಹೊಣೆ ಎಷ್ಟೋ ಜಾಮೀನುದಾರನ ಹೊಣೆಯೂ ಅಷ್ಟೇ. ಬ್ಯಾಂಕಿನವರು ಮೊದಲು ಅವನ ಬೆನ್ನು ಹತ್ತಿ, ಸೋತು, ಆಮೇಲೆ ನಿಮ್ಮ ಹತ್ತಿರ ಬರಬೇಕೆಂದೇನೂ ಇಲ್ಲ. ನೇರ ನಿಮ್ಮ ಬಾಗಿಲಿಗೇ ಬರಬಹುದು.

ನಮ್ಮ ಹಿರಿಯರು ಇದನ್ನು "ಹೊಣೆ ನಿಲ್ಲೋದು" ಅಂತಿದ್ದರು. ಆ ಮಾತು ಕೇಳಿದರೇ ಎದೆ ಒಂದು ಸಲ ಧಸಕ್ಕೆನ್ನುತ್ತೆ. "ಐದು ಲಕ್ಷಕ್ಕೆ ಹೊಣೆ ನಿಲ್ತೀಯಾ?" ಅಂತ ಕೇಳಿದ್ದರೆ ನೀವು "ಮನೇಲಿ ಅಪ್ಪನ್ನ ಕೇಳಿ ಹೇಳ್ತೀನಿ" ಅನ್ನುತ್ತಿದ್ದಿರಿ. ಗ್ಯಾರಂಟರ್ ಅಂದರು, ಪೆನ್ನು ತೆಗೆದಿರಿ!

ಇನ್ನು ನಾಮಿನಿ. ನಾಮಿನಿ ಅಂದರೆ ವಾರಸುದಾರ ಅಂತ ಎಷ್ಟೋ ಜನ ನಂಬಿದ್ದಾರೆ. ಬ್ಯಾಂಕಿನ ಠೇವಣಿಯಲ್ಲಿ ನಾಮಿನಿ ಅಂದರೆ ಹಣ ಪಡೆದುಕೊಳ್ಳಲು ಹೆಸರಿಸಿದವರು, ಅಷ್ಟೇ. ಬ್ಯಾಂಕು ಅವರ ಕೈಗೆ ಕೊಟ್ಟು ಸುಮ್ಮನಾಗುತ್ತೆ. ವಾರಸುದಾರರ ಹಕ್ಕು ಹಾಗೇ ಉಳಿಯುತ್ತೆ. 2010ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದೂ ಇದನ್ನೇ. ಅಪ್ಪ ಉಯಿಲು ಬರೆಯದೆ ತೀರಿಕೊಂಡರೆ, ಅಣ್ಣ ನಾಮಿನಿ ಅಂದ ಮಾತ್ರಕ್ಕೆ ತಂಗಿಯ ಪಾಲು ಹೋಗುವುದಿಲ್ಲ. ತಂಗಿಯರೆ, ಇದನ್ನು ಗಟ್ಟಿಯಾಗಿ ನೆನಪಿಡಿ. (ಜೀವವಿಮೆಯಲ್ಲಿ ಗಂಡ, ಹೆಂಡತಿ, ಮಕ್ಕಳು, ತಂದೆತಾಯಿ ನಾಮಿನಿಯಾದರೆ 2015ರ ತಿದ್ದುಪಡಿಯಿಂದ ನಿಯಮ ಬೇರೆ. ಎರಡನ್ನೂ ಬೆರೆಸಬೇಡಿ.)

"ಕನ್ನಡದ ಫಾರಂ ಇಲ್ಲ" ಅಂತ ಕೌಂಟರಿನಲ್ಲಿ ಅಂದರೆ ತಲೆ ತಗ್ಗಿಸಿ ಬರಬೇಡಿ. ಖಾತೆ ತೆರೆಯುವ ಫಾರಂ, ಹಣ ಕಟ್ಟುವ ಚಲನ್, ಪಾಸ್‌ಬುಕ್ಕು, ಇಂಥ ಮುದ್ರಿತ ಕಾಗದಗಳು ಇಂಗ್ಲಿಷ್, ಹಿಂದಿಯ ಜೊತೆಗೆ ಆಯಾ ಪ್ರಾದೇಶಿಕ ಭಾಷೆಯಲ್ಲೂ ಇರಬೇಕು ಎಂದು ರಿಸರ್ವ್ ಬ್ಯಾಂಕಿನ 2015ರ ಗ್ರಾಹಕ ಸೇವಾ ಸುತ್ತೋಲೆಯಲ್ಲೇ ಬರೆದಿದೆ. ಇದು ಯಾರ ದಯೆಯೂ ಅಲ್ಲ. ಕೇಳಿ. ಇಲ್ಲವೆಂದರೆ "ಇಲ್ಲ ಅಂತ ಬರೆದುಕೊಡಿ ಸ್ವಾಮಿ" ಅನ್ನಿ. ಅಲ್ಲಿಯವರೆಗೆ ಪೆನ್ನು ಜೇಬಿನಲ್ಲೇ ಇರಲಿ.