ಬಿಸಿ ಎಂಜಿನ್ ಯಾಕೆ ಸ್ಟಾರ್ಟ್ ಆಗಲ್ಲ?

ಊಟಕ್ಕೆ ಮುಂಚಿನ ಹೊತ್ತು ನನಗೆ ಕೊಟ್ಟಿದ್ದಾರೆ, ಹಾಗಾಗಿ ಪೀಠಿಕೆ ಇಲ್ಲದೆ ವಿಷಯಕ್ಕೆ ಬರ್ತೀನಿ. ಲಂಡನ್ನಿನ ಬಾಡಿಗೆ ತಡೆಯೋಕಾಗದೆ ಕಾಲುವೆಯಲ್ಲಿ ಸಣ್ಣದೊಂದು ಬೋಟ್ ತಗೊಂಡು ಇದ್ದುಬಿಡೋಣ ಅನ್ನೋ ಯೋಚನೆ ನಮ್ಮಲ್ಲೂ ಕೆಲವರಿಗೆ ಬಂದಿದೆ. ಉದ್ದದ ಕಬ್ಬಿಣದ ನ್ಯಾರೋಬೋಟ್‌ಗಳಲ್ಲಿ ಹೆಚ್ಚಾಗಿ ಡೀಸೆಲ್ ಎಂಜಿನ್, ಅದಕ್ಕೆ ಕಾರ್ಬ್ಯುರೇಟರೇ ಇಲ್ಲ. ನಮ್ಮ ಕೈಗೆಟಕೋದು ಹಳೇ ಫೈಬರ್ ಕ್ರೂಸರ್, ಹಿಂದುಗಡೆ ಪೆಟ್ರೋಲ್ ಔಟ್‌ಬೋರ್ಡ್ ಕಟ್ಟಿರೋದು. ಖಾಯಂ ಜಾಗ ಇಲ್ಲದ ಬೋಟು ಒಂದೇ ಕಡೆ 14 ದಿನಕ್ಕಿಂತ ಹೆಚ್ಚು ನಿಲ್ಲೋ ಹಾಗಿಲ್ಲ ಅಂತ 1995ರ ಕಾಯ್ದೆ ಇದೆ. ಅಂದ್ರೆ ಎಂಜಿನ್ ಕೈಕೊಟ್ಟರೆ ಮನೆಯೇ ಕೈಕೊಟ್ಟ ಹಾಗೆ.

ಎಲ್ಲರ ದೂರೂ ಒಂದೇ. ಬೆಳಿಗ್ಗೆ ಎರಡೇ ಎಳೆತಕ್ಕೆ ಹೊರಡುತ್ತೆ. ಸೌತಾಲ್ ಪಕ್ಕದ ಹ್ಯಾನ್‌ವೆಲ್‌ನಲ್ಲಿ ಸಾಲಾಗಿ 6 ಲಾಕ್ ಇವೆಯಲ್ಲ, ಅಲ್ಲಿ ಮೊದಲನೇ ಲಾಕ್‌ನಲ್ಲಿ ಆಫ್ ಮಾಡಿ, ಹತ್ತು ನಿಮಿಷ ಬಿಟ್ಟು ಹಗ್ಗ ಎಳೆದರೆ ಭುಜ ನೋಯುತ್ತೆ, ಎಂಜಿನ್ ಮಾತಾಡಲ್ಲ.

ಎಂಜಿನ್ ಓಡ್ತಿರುವಾಗ ಪಂಪ್ ಕಾಲುವೆ ನೀರನ್ನೇ ಎಳೆದು ತಣ್ಣಗಿಡುತ್ತೆ. ಆಫ್ ಮಾಡಿದ ಕೂಡಲೇ ಪಂಪೂ ನಿಂತಿತು. ಒಲೆ ಆರಿಸಿದ ಮೇಲೂ ಬಾಣಲೆಯಲ್ಲಿ ಒಗ್ಗರಣೆ ಸೀದು ಹೋಗಲ್ವಾ, ಹಾಗೇ ಒಳಗಿನ ಕಾವು ಕಾರ್ಬ್ಯುರೇಟರಿಗೆ ಏರುತ್ತೆ. ಬೌಲ್‌ನಲ್ಲಿರೋ ಪೆಟ್ರೋಲ್ ಆವಿಯಾಗುತ್ತೆ. ಆಮೇಲೆ ಎರಡರಲ್ಲಿ ಒಂದು: ಆವಿ ಒಳಗೆ ನುಗ್ಗಿ ಎಂಜಿನ್ ಫ್ಲಡ್ ಆಗುತ್ತೆ, ಇಲ್ಲಾ ಬೌಲೇ ಬರಿದಾಗುತ್ತೆ. ಒಂದಕ್ಕೆ ಪೆಟ್ರೋಲ್ ಜಾಸ್ತಿ, ಇನ್ನೊಂದಕ್ಕೆ ಪೆಟ್ರೋಲೇ ಇಲ್ಲ. ಮದ್ದು ಪೂರಾ ಉಲ್ಟಾ. ಇದನ್ನ ನೋಡದೆ ಚೋಕ್ ಎಳೆಯೋದು ಕಣ್ಣುಮುಚ್ಚಿ ಔಷಧಿ ಕುಡಿಸಿದ ಹಾಗೆ.

ಅದಕ್ಕೇ ಮೊದಲು ಪ್ಲಗ್ ಬಿಚ್ಚಿ ನೋಡಿ. ಬಿಚ್ಚೋ ಮುಂಚೆ ಅಡುಗೆ ಗ್ಯಾಸ್ ಬಂದ್, ಬೀಡಿ ಸಿಗರೇಟು ಬಂದ್. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ಬೋಟಿನ ತಳದಲ್ಲಿ ಕೂತಿರುತ್ತೆ. ಕಿಡಿ ಪರೀಕ್ಷೆಗೆ ಪ್ಲಗ್ಗನ್ನ ತೂತಿನ ಪಕ್ಕ ಇಟ್ಟು ಹಗ್ಗ ಎಳೆಯೋ ಅಭ್ಯಾಸ ನಮ್ಮ ಕಡೆ ಇದೆ, ದಯವಿಟ್ಟು ಬಿಡಿ. ಸ್ಪಾರ್ಕ್ ಟೆಸ್ಟರ್ ಅಂತ ಸಣ್ಣದೊಂದು ಸಿಗುತ್ತೆ, ಅದನ್ನ ಬಳಸಿ.

ಪ್ಲಗ್ ಒದ್ದೆಯಾಗಿ ವಾಸನೆ ಹೊಡೀತಿದ್ದರೆ ಫ್ಲಡ್. ಪ್ಲಗ್ ಒರೆಸಿ ಹಾಕಿ, ಚೋಕ್ ಒಳಗೆ ತಳ್ಳಿ, ಗೇರ್ ನ್ಯೂಟ್ರಲ್ಲಿನಲ್ಲಿಟ್ಟು, ಥ್ರಾಟಲ್ ಪೂರ್ತಿ ತೆರೆದು ಐದಾರು ಸಲ ಎಳೀರಿ. ಹತ್ತಿಕೊಂಡ ಕ್ಷಣ ಥ್ರಾಟಲ್ ಇಳಿಸಬೇಕು. ಪದೇ ಪದೇ ಹೀಗಾದರೆ ನೀಡಲ್ ವಾಲ್ವ್ ಸೋರ್ತಿರಬಹುದು. ಪ್ರೈಮರ್ ಬಲ್ಬ್ ಒತ್ತಿ ನೋಡಿ: ಗಟ್ಟಿಯಾಗಿ ನಿಂತರೆ ವಾಲ್ವ್ ಸರಿ ಇದೆ. ಒತ್ತಿದಷ್ಟೂ ಹೋಗ್ತಾ ಕಾರ್ಬ್ಯುರೇಟರಿಂದ ತೊಟ್ಟಿಕ್ಕಿದರೆ ಸರಿ ಇಲ್ಲ.

ಪ್ಲಗ್ ಒಣಗಿದ್ದರೆ ಬಲ್ಬ್ ಗಟ್ಟಿಯಾಗೋವರೆಗೆ ಒತ್ತಿ, ಆಮೇಲೆ ಎಳೀರಿ. ಇಲ್ಲೊಂದು ಕಳ್ಳ ಇದ್ದಾನೆ, ಟ್ಯಾಂಕ್ ಮುಚ್ಚಳದ ಮೇಲಿನ ಗಾಳಿ ತಿರುಪು. ಅದು ಮುಚ್ಚಿದ್ದರೆ ಪೆಟ್ರೋಲ್ ಖಾಲಿಯಾದ ಜಾಗಕ್ಕೆ ಗಾಳಿ ಬರಲ್ಲ. ಸ್ವಲ್ಪ ಹೊತ್ತು ಓಡಿ ಎಂಜಿನ್ ಸಾಯುತ್ತೆ, ಬಿಟ್ಟು ಎಳೆದರೆ ಹೊರಡುತ್ತೆ, ಮತ್ತೆ ಸಾಯುತ್ತೆ. ಎಲ್ಲರೂ ಬಿಸಿಯ ಮೇಲೆ ತಪ್ಪು ಹೊರಿಸ್ತಾರೆ. ನಿಂತ ತಕ್ಷಣ ಮುಚ್ಚಳ ಸಡಿಲಿಸಿ. ಸುಯ್ ಅಂತ ಗಾಳಿ ಒಳಗೆ ಹೋದರೆ ಕಳ್ಳ ಸಿಕ್ಕಿದ. ಕಾಸಿನ ಖರ್ಚಿಲ್ಲ. ಮೆಕ್ಯಾನಿಕ್ ಬರೋದಕ್ಕೇ ಒಂದು ದಿನದ ದುಡಿಮೆ ಹೋಗೋ ಊರಿದು.

ಇನ್ನೊಂದು ಸೂಕ್ಷ್ಮ ಇದೆ. ಬಿಸಿ ಎಂಜಿನ್ ಚೋಕ್ ಎಳೆದರೆ ಮಾತ್ರ ಹತ್ತಿಕೊಳ್ಳುತ್ತೆ ಅಂದ್ರೆ ಪೈಲಟ್ ಜೆಟ್ ಕಟ್ಟಿರೋ ಸಾಧ್ಯತೆ ಹೆಚ್ಚು. ಬೆಳಿಗ್ಗೆ ಹೇಗೂ ಚೋಕ್ ಹಾಕ್ತೀರಿ, ಆ ದೋಷ ಮುಚ್ಚಿಹೋಗುತ್ತೆ. ಜೆಟ್ಟಿಗೆ ಸೂಜಿ, ತಂತಿ ಹಾಕಬೇಡಿ, ತೂತು ದೊಡ್ಡದಾದರೆ ಆ ಜೆಟ್ ಮುಗೀತು. ಕಾರ್ಬ್ ಕ್ಲೀನರ್ ಸ್ಪ್ರೇ ಹೊಡೆದು ಗಾಳಿ ಊದಿಸಿ, ಕಣ್ಣಿಗೆ ಕನ್ನಡಕ ಇರಲಿ.

ಜೆಟ್ ಕಟ್ಟೋದು ಯಾಕೆ? 2021ರ ಸೆಪ್ಟೆಂಬರಿನಿಂದ ಇಲ್ಲಿ ಮಾಮೂಲಿ ಪೆಟ್ರೋಲ್ ಇ10, ಅಂದ್ರೆ ಶೇಕಡಾ 10ರ ತನಕ ಎಥೆನಾಲ್. ಅದು ನೀರು ಹೀರುತ್ತೆ, ಹಳೇ ರಬ್ಬರ್ ಪೈಪನ್ನ ಮೆತ್ತಗೆ ಮಾಡುತ್ತೆ. ಬೌಲ್ ತಿರುಪು ಬಿಚ್ಚಿ ಗಾಜಿನ ಶೀಶೆಗೆ ಸುರಿಯಿರಿ. ನೀರಿದ್ದರೆ ತಳದಲ್ಲಿ ಬೇರೆಯಾಗಿ ಕೂರುತ್ತೆ. ಸೂಪರ್ ದರ್ಜೆಯಲ್ಲಿ ಇ5 ಸಿಗುತ್ತೆ, ಹಳೇ ಎಂಜಿನ್ನಿಗೆ ಅದೇ ವಾಸಿ. ಹಾಗೇ ಚಳಿಗಾಲದ ಪೆಟ್ರೋಲನ್ನ ಬೇಗ ಆವಿಯಾಗೋ ಹಾಗೆ ಮಾಡಿರ್ತಾರೆ. ಫೆಬ್ರವರಿಯಲ್ಲಿ ತುಂಬಿಸಿದ್ದನ್ನ ಮೇ ಬಿಸಿಲಲ್ಲಿ ಬಳಸಿದರೆ ಈ ಕಾಟ ಜಾಸ್ತಿ.

ಮಲ್ಪೆ, ಗಂಗೊಳ್ಳಿ ಕಡೆ ನಾಡದೋಣಿಯವರು ಸೀಮೆಎಣ್ಣೆ ಔಟ್‌ಬೋರ್ಡ್ ಓಡಿಸೋದು ನೋಡಿರ್ತೀರಿ. ಪೆಟ್ರೋಲಿನಲ್ಲಿ ಸ್ಟಾರ್ಟ್ ಮಾಡಿ ಸೀಮೆಎಣ್ಣೆಗೆ ಬದಲಾಯಿಸ್ತಾರೆ, ನಿಲ್ಲಿಸೋ ಮುಂಚೆ ಮತ್ತೆ ಪೆಟ್ರೋಲಿಗೆ ತರ್ತಾರೆ. ಮುಂದಿನ ಸ್ಟಾರ್ಟಿಗೆ ಬೌಲ್‌ನಲ್ಲಿ ಏನಿರಬೇಕು ಅನ್ನೋ ಲೆಕ್ಕ ಅದು. ನಾವೂ ನಿಲ್ಲಿಸೋ ಮುಂಚೆ ಒಂದೆರಡು ನಿಮಿಷ ಐಡಲ್‌ನಲ್ಲಿ ಬಿಟ್ಟು ತಣಿಸಿ ಆಫ್ ಮಾಡಿದರೆ ಅರ್ಧ ತೊಂದರೆ ಕಮ್ಮಿ.

ಎಲ್ಲ ತಪ್ಪೂ ಕಾರ್ಬ್ಯುರೇಟರಿನದ್ದಲ್ಲ. ಬಿಸಿಯಾದಾಗ ಕಿಡಿ ಮಾಯ, ತಣಿದಾಗ ವಾಪಸ್ ಅಂದ್ರೆ ಇಗ್ನಿಷನ್ ಕಾಯಿಲ್ ನೋಡಿ. ಫೋರ್ ಸ್ಟ್ರೋಕ್ ಆದರೆ ವಾಲ್ವ್ ಕ್ಲಿಯರೆನ್ಸ್ ಕೂಡ. ಎಂಜಿನ್ ಪಕ್ಕದಿಂದ ಹಾರೋ ನೀರಿನ ಧಾರೆ ಸಣ್ಣಗಾಗಿದ್ದರೆ ಪ್ಲಾಸ್ಟಿಕ್ ಚೀಲ ಸಿಕ್ಕಿರಬೇಕು, ಇಲ್ಲಾ ಇಂಪೆಲ್ಲರ್ ಸವೆದಿರಬೇಕು.

ಲಾಕ್‌ನಲ್ಲಿ ಆಫ್ ಮಾಡೋದೇ ಬೇಡ ಅಂತ ಕೆಲವರು ಓಡಿಸಿಕೊಂಡೇ ಇರ್ತಾರೆ. ಆಳದ ಗೋಡೆಗಳ ನಡುವೆ ಹೊಗೆ ನಿಲ್ಲುತ್ತೆ, ಕಾರ್ಬನ್ ಮೊನಾಕ್ಸೈಡಿಗೆ ವಾಸನೆ ಇಲ್ಲ. ಒಳಗೆ ಮಕ್ಕಳು ಮಲಗಿರ್ತಾರೆ. ವಾಸದ ಬೋಟಿಗೆ ಅಲಾರಂ ಇರಬೇಕು ಅಂತ 2019ರಿಂದ ಬೋಟ್ ಸೇಫ್ಟಿ ಸ್ಕೀಮಿನ ನಿಯಮವೇ ಇದೆ. ಬ್ಯಾಟರಿ ಇದೆಯಾ ಅಂತ ಒತ್ತಿ ನೋಡಿ.

ಬ್ರೆಂಟ್‌ಫರ್ಡ್ ದಾಟಿ ಥೇಮ್ಸಿಗೆ ಇಳಿಯೋರಿಗೆ ಮಾತ್ರ ಇನ್ನೊಂದು ಮಾತು. ಅಲ್ಲಿ ಉಬ್ಬರ ಇಳಿತ ಇದೆ, ಎಂಜಿನ್ ನಿಂತರೆ ಬೋಟು ನಿಮ್ಮ ಮಾತು ಕೇಳಲ್ಲ. ಇಳಿಯೋ ಮುಂಚೆ ಕಾಲುವೆಯಲ್ಲೇ ಅರ್ಧ ಗಂಟೆ ಓಡಿಸಿ, ಆಫ್ ಮಾಡಿ, ಕಾಲು ಗಂಟೆ ಬಿಟ್ಟು ಸ್ಟಾರ್ಟ್ ಮಾಡಿ. ಹೀಗೆ ಮೂರು ಸಲ. ಒಂದು ಸಲ ತಪ್ಪಿದರೂ ಆ ದಿನ ಹೋಗಬೇಡಿ. ಲಂಗರು ಹಗ್ಗಕ್ಕೆ ಕಟ್ಟಿ ಮುಂಭಾಗದಲ್ಲೇ ಇರಲಿ, ಸಾಮಾನಿನ ಅಡಿಯಲ್ಲಲ್ಲ. ಪ್ರಶ್ನೆ ಇದ್ದರೆ ಊಟದ ಸಾಲಿನಲ್ಲೇ ಕೇಳಿ. ಒಂದು ಹಳೇ ಕಾರ್ಬ್ಯುರೇಟರ್ ಬಿಚ್ಚಿ ತಂದಿದ್ದೀನಿ, ಜೆಟ್ ಎಲ್ಲಿರುತ್ತೆ ಅಂತ ತೋರಿಸ್ತೀನಿ.