ಮನೆಯೊಳಗಿನ ದೂರ
(ಪಾಲಕರ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಪ್ರೌಢಶಾಲೆ ದೂರವಾಯಿತು ಎಂಬ ಮಾತನ್ನು ನಾವೆಲ್ಲರೂ ಆಡುತ್ತೇವೆ. ಆದರೆ ಅದೇ ಶಾಲೆ ಮಗನಿಗೆ ಹತ್ತಿರವಾಗಿ, ಮಗಳಿಗೆ ದೂರವಾಗುವುದು ಹೇಗೆ? ರಸ್ತೆಯ ಉದ್ದ ಇಬ್ಬರಿಗೂ ಒಂದೇ. ವ್ಯತ್ಯಾಸವಿರುವುದು ಮನೆಯ ಲೆಕ್ಕಾಚಾರದಲ್ಲಿ.

ಶಿಕ್ಷಣ ಹಕ್ಕು ಕಾಯ್ದೆಯ ನಿಯಮಗಳ ಪ್ರಕಾರ ಐದನೆಯ ತರಗತಿಯವರೆಗಿನ ಶಾಲೆ 1 ಕಿ.ಮೀ. ಒಳಗೆ, ಎಂಟನೆಯವರೆಗಿನದು 3 ಕಿ.ಮೀ. ಒಳಗೆ ಇರಬೇಕು. ಅದರಾಚೆಗೆ ಕಾಯ್ದೆ ಮೌನವಾಗಿದೆ. ನಮ್ಮ ಹೆಣ್ಣು ಮಕ್ಕಳ ವಿದ್ಯಾಭ್ಯಾಸಕ್ಕೆ ಕಂಟಕ ಆರಂಭವಾಗುವುದೂ ಅಲ್ಲಿಂದಲೇ. ಬಸ್ಸು ಹಿಡಿಯಬೇಕು, ಇಳಿದು ನಡೆಯಬೇಕು, ಸಂಜೆ ತಡವಾದರೆ ನೆರೆಹೊರೆಗೆ ಉತ್ತರ ಹೇಳಬೇಕು. ತಾಯಿ ಬೀಡಿ ಕಟ್ಟುವ ಮನೆಯಲ್ಲಿ ಮಗಳ ಎರಡು ಕೈಗಳೂ ದುಡಿಮೆಯ ಲೆಕ್ಕಕ್ಕೆ ಸೇರುತ್ತವೆ. ತಂದೆ ಗಲ್ಫ್‌ನಲ್ಲಿದ್ದರೆ ತೀರ್ಮಾನ ಸೋದರಮಾವನದೋ ಅಣ್ಣನದೋ ಆಗುತ್ತದೆ. ಅವಳನ್ನು ಕೇಳುವವರಿಲ್ಲ.

ಸರಕಾರ ಏನೂ ಮಾಡಿಲ್ಲವೆಂದಲ್ಲ. 2006-07ರಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ ವಿತರಣೆ ಆರಂಭವಾಯಿತು. ಕೊರೋನಾ ಕಾಲದಲ್ಲಿ ನಿಂತಿತು. 2023ರ ಜೂನ್ 11ರಂದು ಜಾರಿಗೆ ಬಂದ ಶಕ್ತಿ ಯೋಜನೆ ಸರಕಾರಿ ಬಸ್ಸುಗಳಿಗೆ ಮಾತ್ರ ಅನ್ವಯ. ಖಾಸಗಿ ಬಸ್ಸುಗಳನ್ನೇ ನೆಚ್ಚಿಕೊಂಡಿರುವ ದಕ್ಷಿಣ ಕನ್ನಡ, ಉಡುಪಿಯ ಹಳ್ಳಿಗಳಿಗೆ ಅದರಿಂದೇನು ಬಂತು? 2022ರ ಸಮವಸ್ತ್ರ ಆದೇಶದ ಬಳಿಕ ಹತ್ತಿರದ ಸರಕಾರಿ ಕಾಲೇಜನ್ನು ತೊರೆದು ದೂರದ ಕಾಲೇಜಿಗೆ ಹೋಗಬೇಕಾದವರ ಮೇಲಂತೂ ಆ ದೂರವನ್ನು ಹೊರಿಸಿದ್ದು ಸರಕಾರವೇ. ಇದನ್ನು ಹೇಳಲೇಬೇಕು. ಹಾಗೆಂದು ನಮ್ಮ ಮನೆಗಳ ಪಾಲಿನ ತಪ್ಪನ್ನು ಸರಕಾರದ ತಪ್ಪಿನ ಹಿಂದೆ ಬಚ್ಚಿಡುವುದು ನ್ಯಾಯವಲ್ಲ.

ಏಕೆಂದರೆ, ಬಸ್ಸೇ ಬೇಡದ ಇಂಟರ್‌ನೆಟ್‌ನ ವಿಷಯದಲ್ಲೂ ನಾವು ಅದೇ ಲೆಕ್ಕ ಹಾಕಿದೆವು. ಅಸರ್ ಸಮೀಕ್ಷೆಯ ಪ್ರಕಾರ ಗ್ರಾಮೀಣ ಭಾರತದ ಶಾಲಾ ಮಕ್ಕಳಲ್ಲಿ ಸ್ಮಾರ್ಟ್‌ಫೋನ್ ಇರುವ ಮನೆಯವರು 2018ರಲ್ಲಿ ಶೇ. 36.5 ಇದ್ದರೆ, 2020ರಲ್ಲಿ ಶೇ. 61.8 ಆದರು. ಆದರೆ ಮನೆಯಲ್ಲಿರುವುದು ಬೇರೆ, ಕೈಗೆ ಸಿಗುವುದು ಬೇರೆ. ಅದೇ ಅಸರ್‌ನ 2023ರ ವರದಿಯಲ್ಲಿ, ಸ್ಮಾರ್ಟ್‌ಫೋನ್ ಬಳಸಬಲ್ಲ 14ರಿಂದ 18 ವರ್ಷದವರ ಪೈಕಿ ಸ್ವಂತ ಫೋನ್ ಇದ್ದ ಹುಡುಗರು ಶೇ. 43.7, ಹುಡುಗಿಯರು ಶೇ. 19.8.

ಇದಕ್ಕೆ ಬಡತನವನ್ನು ದೂರಿ ಪ್ರಯೋಜನವಿಲ್ಲ. ಮನೆಗೆ ಒಂದೇ ಫೋನ್ ಇರುವುದು ಬಡತನದಿಂದ; ಅದು ಸಂಜೆ ಯಾರ ಕೈಯಲ್ಲಿರಬೇಕೆಂಬುದನ್ನು ಬಡತನ ತೀರ್ಮಾನಿಸುವುದಿಲ್ಲ. ಮೊಬೈಲ್ ಕೊಟ್ಟರೆ ಮಗಳು ಕೆಡುತ್ತಾಳೆಂಬ ಭಯ ನಮಗಿದೆ. ಮಗ ರಾತ್ರಿ ಒಂದು ಗಂಟೆಯವರೆಗೆ ಏನು ನೋಡುತ್ತಿದ್ದಾನೆಂಬ ಭಯ ಮಾತ್ರ ಏಕೋ ಕಾಡುವುದಿಲ್ಲ!

ಕೇರಳದ ಕೋಝಿಕ್ಕೋಡ್ ಜಿಲ್ಲೆಯ ಮುಸ್ಲಿಮ್ ವಿದ್ಯಾರ್ಥಿನಿಯೊಬ್ಬಳು ಹಾಸ್ಟೆಲ್‌ನಲ್ಲಿ ಸಂಜೆ 6ರಿಂದ ರಾತ್ರಿ 10ರವರೆಗೆ ಫೋನ್ ಒಪ್ಪಿಸಬೇಕೆಂಬ ನಿಯಮವನ್ನು ಒಪ್ಪದೆ ಹೊರಹಾಕಲ್ಪಟ್ಟಳು. ಓದುವ ಹೊತ್ತಿನಲ್ಲೇ ಫೋನ್ ಕಿತ್ತುಕೊಂಡರೆ ಹೇಗೆಂಬುದು ಅವಳ ಪ್ರಶ್ನೆ. ತಂದೆ ಅವಳ ಬೆನ್ನಿಗೆ ನಿಂತರು. ಇಂಟರ್‌ನೆಟ್ ಪಡೆಯುವ ಹಕ್ಕು ಶಿಕ್ಷಣದ ಹಕ್ಕಿನ ಮತ್ತು ಖಾಸಗಿತನದ ಹಕ್ಕಿನ ಭಾಗವೆಂದು 2019ರ ಸೆಪ್ಟೆಂಬರ್ 19ರಂದು ಕೇರಳ ಹೈಕೋರ್ಟ್ ತೀರ್ಪಿತ್ತಿತು. ನಮ್ಮಲ್ಲಿ ಅಂತಹ ತಂದೆಯರೆಷ್ಟು?

ಒಬ್ಬ ಮಗನಿಗೆ ಮಾತ್ರ ಉಡುಗೊರೆ ಕೊಟ್ಟು ಪ್ರವಾದಿ(ಸ)ಯವರನ್ನು ಸಾಕ್ಷಿಯಾಗಿಸಲು ಬಂದ ತಂದೆಯ ಘಟನೆಯನ್ನು ನಾವು ಮದ್ರಸದಲ್ಲಿ ಓದಿದ್ದೇವೆ. ಉಳಿದ ಮಕ್ಕಳಿಗೂ ಹೀಗೆಯೇ ಕೊಟ್ಟಿರುವಿರಾ ಎಂದು ಅವರು ವಿಚಾರಿಸಿದರು. ಇಲ್ಲವೆಂದಾಗ ಸಾಕ್ಷಿಯಾಗಲು ನಿರಾಕರಿಸಿದರು.

ಆದ್ದರಿಂದ ಜಮಾಅತ್ ಕಮಿಟಿಗಳಲ್ಲಿ ನಮ್ಮದೊಂದು ವಿನಂತಿ. ಮುಂದಿನ ಶಾಲಾ ವರ್ಷಕ್ಕೆ ಮುನ್ನ, ಎಂಟನೆಯ ಮತ್ತು ಹತ್ತನೆಯ ತರಗತಿ ಮುಗಿಸಿದ ಹೆಣ್ಣು ಮಕ್ಕಳ ಪಟ್ಟಿ ತಯಾರಿಸಿರಿ. ಒಂದೇ ದಾರಿಯವರನ್ನು ಸೇರಿಸಿ ಒಂದು ವ್ಯಾನ್ ಗೊತ್ತುಪಡಿಸಿರಿ. ಬಾಡಿಗೆಯ ಒಂದು ಪಾಲನ್ನು ಕಮಿಟಿ ಭರಿಸಲಿ. ಸಂಜೆ ಬೀಗ ಬೀಳುವ ಮದ್ರಸ ಕೊಠಡಿಯಲ್ಲಿ ಎರಡು ಕಂಪ್ಯೂಟರ್, ಒಂದು ಇಂಟರ್‌ನೆಟ್ ಸಂಪರ್ಕ, ನೋಡಿಕೊಳ್ಳಲು ಓರ್ವ ಶಿಕ್ಷಕಿ ಇರಲಿ. ಮತ್ತು ಅಲ್ಲಿ ಹುಡುಗಿಯರಿಗೆಂದು ನಿಗದಿಯಾದ ಹೊತ್ತನ್ನು ಪರೀಕ್ಷೆಯ ನೆಪದಲ್ಲಿ ಹುಡುಗರಿಗೆ ಬಿಟ್ಟುಕೊಡದಿರಿ.